‘ಆರ್’ ಎಂದ ಮೇಲೆ ದನಿ ಇಳಿಸು

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಇದು ಬೇಕೋ ಅದು ಬೇಕೋ ಎಂದು ಇಂಗ್ಲಿಷಿನಲ್ಲಿ ಕೇಳುವಾಗ ನಾಲಿಗೆ ತಡವರಿಸುತ್ತದೆ ಎಂದು ಬರೆದಿದ್ದೀಯ. ನನಗೂ ಹಾಗೇ ಆಗುತ್ತಿತ್ತು.

ನಮ್ಮಲ್ಲಿ ‘ಇವತ್ತಾ, ನಾಳೇನಾ?’ ಅಂದರೆ ಮುಗಿಯಿತು. ಇಂಗ್ಲಿಷಿನಲ್ಲೂ ಗೆಳತಿಯರ ಹತ್ತಿರ ‘ಟುಡೇ ಆರ್ ಟುಮಾರೋ?’ ಸಾಕು. ಹೊಸಬರಾದರೆ ‘ವುಡ್ ಯು ಲೈಕ್ ಟು ಮೀಟ್ ಟುಡೇ, ಆರ್ ಟುಮಾರೋ?’ ಅನ್ನು. ‘ಡು ಯು ವಾಂಟ್’ ತಪ್ಪಲ್ಲ, ಸ್ವಲ್ಪ ಸಲಿಗೆಯ ಮಾತು, ಅಷ್ಟೇ. ನಾವು ‘ಬರ್ತೀಯಾ’ ಬಿಟ್ಟು ‘ಬರ್ತೀರಾ’ ಅಂದರೆ ಮರ್ಯಾದೆ ತಾನಾಗಿ ಬರುತ್ತದೆ. ಅವರಿಗೆ ನೀನೂ ‘ಯು’, ನೀವೂ ‘ಯು’. ಹಾಗಾಗಿ ಆ ಮರ್ಯಾದೆಯನ್ನು ‘ವುಡ್’ ಹೊರಬೇಕು.

ಪದಕ್ಕಿಂತ ಜಾಸ್ತಿ ಕೆಲಸ ಮಾಡುವುದು ದನಿ. ‘ಟುಡೇ’ ಅನ್ನುವಾಗ ದನಿ ಏರಲಿ, ‘ಟುಮಾರೋ’ಗೆ ಇಳಿಯಲಿ. ಆಗ ಎರಡರಲ್ಲಿ ಒಂದನ್ನು ಆರಿಸಿ ಎಂದು ಕೇಳಿದಂತೆ. ಎರಡೂ ಕಡೆ ಏರಿಸಿದರೆ, ಇವೆರಡರಲ್ಲಿ ಯಾವುದಾದರೂ ಆಗುತ್ತಾ ಎಂಬ ಅರ್ಥ ಬಂದುಬಿಡುತ್ತದೆ. ಅದಕ್ಕೆ ‘ಎಸ್’ ಅಂದರೂ ಉತ್ತರವೇ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ದನಿ ಸರಿಯಾಗಿ ಇಳಿಸಿಯೇ ಇದನ್ನು ಕೇಳಿದ್ದರು. ನಾನು ‘ಎಸ್’ ಅಂದೆ. ಅವರು ಕಾದರು. ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೂ ಜೋರಾಗಿ ‘ಎಸ್, ಎಸ್’ ಅಂದೆ! ನೆನೆದರೆ ಈಗಲೂ ನಗು ಬರುತ್ತದೆ. ಕನ್ನಡಿ ಮುಂದೆ ನಿಂತು ನಾಲ್ಕು ಸಲ ಜೋರಾಗಿ ಹೇಳಿ ನೋಡು. ಸುಮ್ನೆ ಪುಸ್ತಕ ಓದಿದರೆ ಇದು ಬರುವುದಿಲ್ಲ.

‘ವುಡ್ ಯು ರಾದರ್ ಸಿಟ್ ಹಿಯರ್, ಆರ್ ಬೈ ದ ವಿಂಡೋ?’ ಅಂತಲೂ ಕೇಳಬಹುದು. ‘ರಾದರ್’ ಆದ ಮೇಲೆ ‘ಟು’ ಬೇಡ. ‘ಪ್ರಿಫರ್’ ಆದರೆ ‘ಟು ಸಿಟ್’. ಇನ್ನು, ಕಣ್ಣೆದುರು ಇರುವ ಎರಡು ಮೂರರಲ್ಲಿ ಯಾವುದು ಎಂದು ಕೇಳಲು ‘ವಿಚ್’ ಬಳಸು.

‘ನಿಮ್ಮಿಷ್ಟ’ ಎಂಬುದನ್ನು ಮಾತ್ರ ಹಾಗೇ ‘ಆ್ಯಸ್ ಯು ಲೈಕ್’ ಮಾಡಬೇಡ. ಏನಾದರೂ ಮಾಡಿಕೊಳ್ಳಿ ಎಂದು ಮುಖ ತಿರುಗಿಸಿದಂತೆ ಕೇಳಿಸಬಹುದು. ನಮ್ಮ ‘ನಿಮ್ಮಿಷ್ಟ’ ಕೂಡ ಕೆಲವು ಸಲ ಹಾಗೇ ಅಲ್ವಾ? ನಿನ್ನ ದೊಡ್ಡಮ್ಮ ಹಾಗಂದರೆ ನಾನು ಎರಡು ಸಲ ಯೋಚಿಸುತ್ತೇನೆ. ಅದರ ಬದಲು ‘ವಿಚೆವರ್ ಸೂಟ್ಸ್ ಯು’ ಅನ್ನು, ಹಿತವಾಗಿರುತ್ತದೆ.

ನಿನ್ನನ್ನೇ ಯಾರಾದರೂ ಕೇಳಿದಾಗ ‘ಈದರ್ ಈಸ್ ಫೈನ್’ ಅನ್ನಬಹುದು. ಅದನ್ನು ‘ಐದರ್’ ಅಂದರೂ ಸರಿ. ಆದರೆ ಪ್ರತಿ ಸಲ ಹಾಗಂದರೆ ಆರಿಸುವ ಭಾರ ಕೇಳಿದವರ ತಲೆಗೇ ವಾಪಸ್ ಹೋಗುತ್ತದೆ. ಒಂದನ್ನು ಆರಿಸಿ, ಕೊನೆಗೆ ‘ಪ್ಲೀಸ್’ ಸೇರಿಸು.

ಈ ವಾರ ಫೋನಿನಲ್ಲಿ ಮಾತಾಡೋಣ. ವುಡ್ ಯು ಲೈಕ್ ಟು ಟಾಕ್ ಆನ್ ಸ್ಯಾಟರ್ಡೇ, ಆರ್ ಆನ್ ಸಂಡೇ? ‘ಎಸ್’ ಅಂತ ಮಾತ್ರ ಬರೆಯಬೇಡ.

ಇಂತಿ,
ನಿನ್ನ ದೊಡ್ಡಪ್ಪ