ಜಾತ್ರೆಗೆ ಹೋಗಿ ಬಂದೆ

ಈ ಸಲ ಶಿರಸಿ ಜಾತ್ರೆಗೆ ಹೋಗಿ ಬಂದೆ. ಮಿರ್ಚಿ ತಿಂದೆ, ಅಣ್ಣನ ಮಗಳ ಜೊತೆ ತೊಟ್ಟಿಲು ಹತ್ತಿದೆ. ಇದೇನು ದೊಡ್ಡ ಸುದ್ದಿ ಅಂತೀರಾ? ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. 2024ರ ಜಾತ್ರೆಯಷ್ಟೂ ದಿನ ನಾನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಮನಸ್ಸು ಕುಸಿದುಹೋಗಿತ್ತು, ಏಳಲೇ ಆಗುತ್ತಿರಲಿಲ್ಲ.

ರಜೆಗೆ ಕಾರಣ ಕೇಳದ ಸೊಸೈಟಿ ಮ್ಯಾನೇಜರ್, ತೋಟದ ಔಷಧಿ ಹೊಡೆಸಿಕೊಟ್ಟ ಪಕ್ಕದ ಮನೆಯವರು, ಅಪ್ಪ, ಅಮ್ಮ, ಅಣ್ಣ, ಎಲ್ಲರಿಗೂ ಥ್ಯಾಂಕ್ಸ್. ಉಳಿದದ್ದೆಲ್ಲ ಅತ್ತಿಗೆಗೆ. ಓದಿ ಬೈಯುತ್ತಾಳೆ, ಬೈಯಲಿ.

ಆ ವರ್ಷದ ಜುಲೈನಲ್ಲಿ ಒಂದು ರಾತ್ರಿ, ಅಣ್ಣ ಊರಲ್ಲಿರಲಿಲ್ಲ. ಮೂರು ದಿನದಿಂದ ಕರೆಂಟೂ ಇಲ್ಲ. ನಾನು ಜಗಲಿಯಲ್ಲಿ ಕೂತಿದ್ದೆ. ಬದುಕುವುದೇ ಬೇಡ ಅನಿಸಿತ್ತು. ಇದಕ್ಕಿಂತ ಜಾಸ್ತಿ ಬರೆಯಲು ಇವತ್ತಿಗೂ ಕೈ ಬರುವುದಿಲ್ಲ.

ಅತ್ತಿಗೆ ಚಿಮಣಿ ದೀಪ ತಂದಿಟ್ಟಳು. ಹಲಸಿನ ಬೇಳೆ ಬುಟ್ಟಿ ತಂದು ಸಿಪ್ಪೆ ಸುಲಿಯತೊಡಗಿದಳು. ಅರ್ಧ ನನ್ನ ಮುಂದೆ ಸುರಿದಳು. "ಎಂತದೂ ಹೇಳದು ಬ್ಯಾಡ. ಆನು ಇಲ್ಲೇ ಇದ್ದಿ" ಅಂದಳು. ಎರಡು ಗಂಟೆ ಹೊತ್ತಿಗೆ ನಾನೇ ಹೇಳಿಬಿಟ್ಟೆ. ಅವಳು ಅಳಲಿಲ್ಲ, ದೇವರ ಮಾತೂ ತೆಗೆಯಲಿಲ್ಲ. ಕೊಡೆ ತೆಗೆದುಕೊಂಡಳು.

ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಗೇರು ಮರದ ಹತ್ತಿರ ಮಾತ್ರ. ಹಾದಿ ತುಂಬ ಉಂಬಳ. ಆರೋಗ್ಯ ಕೇಂದ್ರದ ಗೋಡೆಯಲ್ಲಿ ಓದಿದ್ದ ನಂಬರ್ ಅವಳಿಗೆ ನೆನಪಿತ್ತು. 14416, ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಅವಳು ಮಾತಾಡಿದಳು, ನಾನು ಟಾರ್ಚ್ ಹಿಡಿದಿದ್ದೆ. ಆಮೇಲೆ ನಾನು ಮಾತಾಡಿದೆ, ಅವಳು ಕೊಡೆ ಹಿಡಿದಳು. ಮನೆಗೆ ಬಂದು ಕಾಲಿಗೆ ಸುಣ್ಣ ಹಚ್ಚಿ ಉಂಬಳ ಬಿಡಿಸಿಕೊಂಡೆವು. ಬೆಳಗಾಗುವವರೆಗೂ ಅವಳು ಒಳಗೆ ಹೋಗಲಿಲ್ಲ.

ಮಾತ್ರೆ ಬರೆದುಕೊಡುವ ಮನೋವೈದ್ಯರು ಬೇರೆ, ಕೂತು ಮಾತಾಡಿಸುವ ಥೆರಪಿಸ್ಟ್ ಬೇರೆ ಅಂತಲೂ ನಮಗೆ ಗೊತ್ತಿರಲಿಲ್ಲ. ಮಾತ್ರೆ ಹಿಡಿಯಲು ಕೆಲವು ವಾರ ಬೇಕು. ಎಂಟನೇ ದಿನಕ್ಕೇ ನಾನು ಸಾಕು ಅಂದೆ, ಡಬ್ಬಿ ಅತ್ತಿಗೆಯ ಕಪಾಟಿಗೆ ಹೋಯಿತು, ಆಮೇಲೆ ದಿನಾ ಅವಳೇ ಕೊಟ್ಟಳು. ಥೆರಪಿಸ್ಟ್ ಹುಡುಕುವ ಕೆಲಸವೂ ಅವಳದೇ. ಕ್ಯಾಲೆಂಡರ್ ಹಿಂದೆ ನಂಬರ್ ಬರೆದುಕೊಂಡು, "ಆರ್‌ಸಿಐ ನೋಂದಣಿ ಇದ್ದಾ?" (ಕ್ಲಿನಿಕಲ್ ಸೈಕಾಲಜಿಸ್ಟರನ್ನು ನೋಂದಾಯಿಸುವ ಕೇಂದ್ರದ ಮಂಡಳಿ ಅದು) ಅಂತ ಅಡಿಕೆ ಸಸಿ ಕೊಳ್ಳುವವಳ ಹಾಗೆ ಒಬ್ಬೊಬ್ಬರನ್ನೇ ಕೇಳುತ್ತಿದ್ದಳು.

ಮೊದಲನೆಯವರು ಬೇಗ ಏಳಲು ಹೇಳಿದರು. ಏಳಲು ಆಗಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆ ಸ್ವಾಮಿ? ಎರಡನೆಯವರು ಒಳ್ಳೆಯವರೇ. ಆದರೆ ಮಾತೆಲ್ಲ ಇಂಗ್ಲಿಷಿನಲ್ಲಿ, ನನ್ನ ಉತ್ತರವೆಲ್ಲ ಪರೀಕ್ಷೆ ಬರೆದ ಹಾಗೆ. ಮೂರನೆಯವರು ಹುಬ್ಬಳ್ಳಿಯಲ್ಲಿ, ಹತ್ತಿರ ಹತ್ತಿರ ನೂರು ಕಿಲೋಮೀಟರ್. ಎದೆ ಮೇಲೆ ಒದ್ದೆ ಕಂಬಳಿ ಹೊದೆಸಿದ ಹಾಗೆ ಆಗ್ತದೆ ಅಂದೆ. "ಕಂಬಳಿ ಬೆಳಿಗ್ಗೆ ಜಾಸ್ತಿ ಭಾರವೋ, ರಾತ್ರಿಯೋ?" ಅಂತ ಕೇಳಿದರು. ಬೆಳಿಗ್ಗೆ ಅಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಮುಂಡಗೋಡದವರೆಗೂ ಅತ್ತೆ. ಪಕ್ಕದಲ್ಲಿ ಅತ್ತಿಗೆ ಸುಮ್ನೆ ಶೇಂಗಾ ಬಿಡಿಸುತ್ತಿದ್ದಳು.

ಈಗ ಅವರ ಜೊತೆ ಮಾತು ತಿಂಗಳಿಗೊಮ್ಮೆ, ಅದೇ ಗೇರು ಮರದ ಕೆಳಗೆ, ವಿಡಿಯೋದಲ್ಲಿ. ಕೆಲವು ಬೆಳಿಗ್ಗೆ ಕಂಬಳಿ ಇನ್ನೂ ಬರುತ್ತದೆ.

ಅತ್ತಿಗೆ, ಜಾತ್ರೆಯಿಂದ ಬಳೆ ತಂದು ಅಡುಗೆಮನೆ ಗೂಡಿನಲ್ಲಿ ಇಟ್ಟಿದ್ದೇನೆ. ಅಳತೆಗೆ ಅಂತ ನಿನ್ನದೊಂದು ಹೇಳದೇ ಒಯ್ದಿದ್ದೆ. ಅದು ಜಾತ್ರೆಯಲ್ಲೇ ಎಲ್ಲೋ ಬಿದ್ದುಹೋಯಿತು.