ಇಳಿಜಾರು ಶುರುವಾಗುವ ಮುಂಚೆಯೇ ಲೋ ಗೇರ್ ಹಾಕಿ

ಮಾನ್ಯ ಸಂಪಾದಕರೇ,

ಮರದ ದಿಮ್ಮಿ, ಕಾಫಿ ಮೂಟೆ ತುಂಬಿಕೊಂಡು ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ 28 ವರ್ಷ ಲಾರಿ ಓಡಿಸಿದವನು ನಾನು. ಮೊನ್ನೆ ಅಲ್ಲೇ ಒಂದು ಲಾರಿಯ ಚಕ್ರಗಳಿಂದ ಹೊಗೆ ಬರುತ್ತಿತ್ತು. ನೋಡಿ ಎದೆ ಝಲ್ ಎಂದಿತು.

ನನ್ನ ಹಳೆಯ ಲಾರಿಗೆ ಎರಡು ಸ್ಪೀಡಿನ ಆಕ್ಸಲ್ ಇತ್ತು, ಅಂದರೆ ಹಿಂದಿನ ಚಕ್ರ ತಿರುಗಿಸುವ ಆಕ್ಸಲ್‌ನಲ್ಲೇ ಎರಡು ಗೇರ್: ನಿಧಾನದ್ದು ಲೋ, ವೇಗದ್ದು ಹೈ. ಗೇರ್ ರಾಡಿನ ಗುಂಡಿ ಕೆಳಗೆ ಒತ್ತಿದರೆ ಲೋ, ಮೇಲೆ ಎಳೆದರೆ ಹೈ. ಒಂದು ಮಳೆಗಾಲ, ಮಂಜು ಮುಸುಕಿದ ತಿರುವಿನಲ್ಲಿ, ಬೇಗ ಇಳಿಯೋಣ ಅಂತ ಗುಂಡಿ ಎಳೆದೆ. ಆಕ್ಸಲ್ ಲೋ ಬಿಟ್ಟಿತು, ಹೈಗೆ ಕೂರಲಿಲ್ಲ. ಚಕ್ರದ ಜೊತೆ ನಂಟು ತಪ್ಪಿ ಎಂಜಿನ್ ಸುಮ್ನೆ ತಿರುಗುತ್ತಿದೆ, ಲಾರಿಯನ್ನು ತಡೆಯುವ ಕೆಲಸವೆಲ್ಲ ಬ್ರೇಕಿನ ಮೇಲೆ ಬಿತ್ತು! ಡ್ರಮ್ ಕಾದು ಬ್ರೇಕ್ ಹಿಡಿಯದಾಯಿತು. ಗುಡ್ಡದ ಬದಿಯ ಮಣ್ಣಿಗೆ ನುಗ್ಗಿಸಿ ನಿಲ್ಲಿಸಿದೆ. ಕ್ಲೀನರ್ ಹುಡುಗ ಅಳುತ್ತಿದ್ದ. ಆ ಮುಖ ಇವತ್ತಿಗೂ ಮರೆತಿಲ್ಲ.

ಅಂಥ ಆಕ್ಸಲ್ ಇರುವ ಗಾಡಿ ಓಡಿಸುವ ತಮ್ಮಂದಿರೇ, ಇಳಿಜಾರಿನ ಮಧ್ಯೆ ಆಕ್ಸಲ್ ಬದಲಿಸಲೇಬೇಡಿ. ಮೇಲೆ ಸಮತಟ್ಟು ಜಾಗದಲ್ಲೇ ಲೋ ಹಾಕಿ, ಚಿಕ್ಕ ಗೇರಿನಲ್ಲಿ ಇಳಿಯಿರಿ. ನಿಲ್ಲಿಸುವಾಗಲೂ ಲೋನಲ್ಲೇ ಇರಲಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೊಸ ಲಾರಿಯವರೂ ಅಷ್ಟೇ, ನ್ಯೂಟ್ರಲ್‌ನಲ್ಲಿ ಇಳಿದು ಡೀಸೆಲ್ ಉಳಿಸಲು ಹೋಗಬೇಡಿ.

ಹೆದ್ದಾರಿಯವರಲ್ಲಿ ಒಂದು ಕೋರಿಕೆ. ಘಾಟಿ ಶುರುವಾಗುವ ಮುಂಚೆ ಲಾರಿ ನಿಲ್ಲಿಸಿ ಬ್ರೇಕ್ ನೋಡಿಕೊಳ್ಳಲು ಅಗಲವಾದ ಜಾಗ ಕೊಡಿ. ಮಂಜಿನಲ್ಲೂ ಕಾಣುವಂತೆ ಕನ್ನಡ, ಮಲಯಾಳಂ, ಹಿಂದಿಯಲ್ಲಿ ಫಲಕ ಹಾಕಿಸಿ. ಮಳೆ ಹಿಡಿಯುವ ಮುಂಚೆ ಆಗಲಿ.

— ಒಬ್ಬ ನಿವೃತ್ತ ಲಾರಿ ಚಾಲಕ, ಕುಶಾಲನಗರ