ಮೂರು ವರ್ಷ ಅಂತ ಕಳ್ಸಿ ಆರು ವರ್ಷ ಇಟ್ಕೊಂಡ್ರು

ಅಪ್ಪಾ, ಅಮ್ಮಾ,

ನಾನು ಆರಾಮಿದೀನಿ. ಶೂಝೌನಲ್ಲಿ ಚಳಿ ಶುರುವಾಗಿದೆ, ಸ್ವೆಟರ್ ಹಾಕ್ಕೊತಿದೀನಿ, ಊಟದ ಚಿಂತೆ ಬೇಡ. ಈ ಊರಿನ ಸೈನಿಕರ ಒಂದು ಹಳೇ ಕಥೆ ತಲೇಲಿ ಕೂತ್ಬಿಟ್ಟಿದೆ, ಫೋನಲ್ಲಿ ಹೇಳೋಕೆ ಹೋದ್ರೆ ಅರ್ಧಕ್ಕೇ ನಿಲ್ಲುತ್ತೆ, ಅದಕ್ಕೇ ಬರೀತಿದೀನಿ. ಮಾವಂಗೂ ಓದಿ ಹೇಳಿ, ಮಿಲಿಟ್ರೀಲಿದ್ದೋರು, ನನಗಿಂತ ಚೆನ್ನಾಗಿ ಅರ್ಥ ಆಗುತ್ತೆ.

ಟಾಂಗ್ ವಂಶ 618ರಿಂದ ಚೀನಾ ಆಳ್ತಿತ್ತು. 860ರ ದಶಕದಲ್ಲಿ ನಾನ್‌ಝಾವೋ ರಾಜ್ಯದೋರು (ಈಗಿನ ಯುನ್ನಾನ್ ಕಡೆಯೋರು) ಆಗ ಟಾಂಗ್ ಕೈಲಿದ್ದ, ಈಗಿನ ವಿಯೆಟ್ನಾಂನ ಹನೋಯ್ ಕಡೆಯೆಲ್ಲಾ ಹಿಡ್ಕೊಂಡ್ರು. ಅವರನ್ನ ತಡೆಯೋಕೆ ಇದೇ ಶೂಝೌನಿಂದ 2000 ಜನನ್ನ ಸೇರಿಸ್ಕೊಂಡು, ಅದ್ರಲ್ಲಿ 800 ಜನನ್ನ ದೂರದ ಗುಯಿಲಿನ್‌ನಲ್ಲಿ ಕಾವಲಿಗೆ ಹಾಕಿದ್ರು. ಮೂರು ವರ್ಷಕ್ಕೆ ಬದಲಿ ಪಡೆ ಬರುತ್ತೆ, ನೀವು ಮನೆಗೆ ಹೋಗಿ ಅಂತ ಮಾತು ಕೊಟ್ಟಿದ್ರು. ಮೂರು ಹೋಗಿ ಆರಾಯ್ತು, ಕೇಳಿ ಕೇಳಿ ಸಾಕಾಯ್ತು, ಕೊನೆಗೆ ಶೂಝೌ ಅಧಿಕಾರಿ ತ್ಸುಯಿ ಯಾನ್‌ಝೆಂಗ್ ಕಡೆಯಿಂದ ಬಂದ ಉತ್ತರ ಏನಂದ್ರೆ ದುಡ್ಡಿಲ್ಲ, ಹೊಸ ಪಡೆ ಕಳ್ಸೋಕೆ ಖರ್ಚು ಜಾಸ್ತಿ, ಇನ್ನೊಂದು ವರ್ಷ ಇರಿ.

ಅಷ್ಟೇ. 868ರಲ್ಲಿ ತಮ್ಮ ಕಮಾಂಡರ್‌ನ ಕೊಂದು, ರೇಷನ್ ಲೆಕ್ಕ ನೋಡ್ತಿದ್ದ ಪಾಂಗ್ ಶ್ಯೂನ್‌ನ ನಾಯಕ ಮಾಡ್ಕೊಂಡು, ಉಗ್ರಾಣ ದೋಚಿ ಊರಿನ ಕಡೆ ಹೊರಟೇಬಿಟ್ರು. ಯಾಂಗ್ಟ್ಸೆ ನದೀಲಿ ದೋಣಿ ಮೇಲೆ ಹುವಾಯ್‌ನಾನ್ ಅನ್ನೋ ಸೀಮೆ ತನಕ ಬಂದ್ರು. ಅಲ್ಲಿ ಲಿಂಗ್‌ಹು ತಾವೋ ಅಂತ ದೊಡ್ಡ ಗವರ್ನರ್. ಅವನ ಕೈಕೆಳಗಿನ ಒಬ್ಬ ಅಧಿಕಾರಿ ಹೇಳ್ದ, ಗಾವೋಯೂ ಹತ್ರ ದಡ ಎತ್ತರ, ನೀರು ಆಳ, ದಾರಿ ಇಕ್ಕಟ್ಟು, ಮುಂದೆ ಜೊಂಡು ತುಂಬಿದ ದೋಣಿಗೆ ಬೆಂಕಿ ಹಚ್ಚಿ ಅಡ್ಡ ಬಿಟ್ಟು ಹಿಂದಿನಿಂದ ಸೈನ್ಯ ನುಗ್ಗಿಸಿದ್ರೆ ಇಲ್ಲೇ ಮುಗಿಯುತ್ತೆ ಅಂತ. ಗವರ್ನರ್ ಒಪ್ಪಲಿಲ್ಲ. ನನ್ನ ಸೀಮೆಲಿ ಗಲಾಟೆ ಮಾಡ್ದಿದ್ರೆ ಸಾಕು, ದಾಟಿ ಹೋಗ್ಲಿ, ಮುಂದಿಂದು ನನ್ನ ತಲೆನೋವಲ್ಲ ಅಂದ್ನಂತೆ! ನನಗೆ ಇದನ್ನ ಓದಿ ಮೈ ಉರೀತು. ಇಂಥೋರಿಂದ್ಲೇ ರಾಜ್ಯ ಹಾಳಾಗೋದು.

ಅದೇ ವರ್ಷ ಪಾಂಗ್ ಶ್ಯೂನ್ ಶೂಝೌ ಹಿಡ್ಕೊಂಡ, ತ್ಸುಯಿ ಸೆರೆ ಸಿಕ್ಕು ಆಮೇಲೆ ಸತ್ತ. ತೆರಿಗೆಯಿಂದ ನೊಂದಿದ್ದ ರೈತರು ಗುಂಪುಗುಂಪಾಗಿ ಬಂದು ಸೇರಿದ್ರು. ಆದ್ರೆ ಅವರನ್ನ ಹೀರೋ ಅನ್ನೋಕೆ ಮನಸ್ಸು ಬರಲ್ಲಪ್ಪ, ಗುಯಿಲಿನ್‌ನಿಂದ ಜೊತೆಗೆ ಬಂದೋರೇ ಎಲ್ರಿಗಿಂತ ಕ್ರೂರಿಗಳಾದ್ರು, ಜನರ ಆಸ್ತಿ ಕಿತ್ಕೊಂಡ್ರು, ಹೆಣ್ಣುಮಕ್ಕಳನ್ನ ಎಳ್ಕೊಂಡು ಹೋದ್ರು, ಪಾಂಗ್‌ಗೆ ಹಿಡಿತಾನೇ ಸಿಗಲಿಲ್ಲ. ತಮ್ಮ ಊರಿಗೆ ಬರಬೇಕು ಅಂತ ಹೊರಟೋರು ಊರನ್ನೇ ಸುಲಿದ್ರು.

ಇತ್ತ ಈ ಯುದ್ಧದ ನಡುವೆಯೇ, 869ರಲ್ಲಿ, ಚಕ್ರವರ್ತಿ ಯೀಝೊಂಗ್ ಮಗಳು ತೊಂಗ್‌ಚಾಂಗ್ ಮದ್ವೆ ಮಾಡ್ದ. ಅವಳ ಮನೆಗೆ ಬಾವಿಕಟ್ಟೆ, ಔಷಧಿ ಕುಟ್ಟೋ ಒರಳು ಸಮೇತ ಬೆಳ್ಳಿ ಬಂಗಾರದ್ದು, ಬಂಗಾರದ ಎಳೇಲಿ ಹೆಣೆದ ಬುಟ್ಟಿ ಮೊರ! 800 ಜನನ್ನ ಮನೆಗೆ ಕರೆಸೋಕೆ ಮಾತ್ರ ಕಾಸಿಲ್ಲ.

ಕೊನೆಗೆ ಉತ್ತರದ ಗಡಿ ಕಡೆಯ ಶಾತೋ ಅನ್ನೋ ತುರ್ಕ ಬುಡಕಟ್ಟಿನ ಕುದುರೆ ಪಡೆ ಕರೆಸಿ ಬಂಡಾಯ ಮಟ್ಟ ಹಾಕಿದ್ರು, 869ರಲ್ಲೇ ಪಾಂಗ್ ಶ್ಯೂನ್ ಸತ್ತ. ಶಾತೋ ನಾಯಕಂಗೆ ರಾಜವಂಶದ್ದೇ ಮನೆಹೆಸರು ‘ಲಿ’ ಕೊಟ್ಟು ಲಿ ಗುವೋಚಾಂಗ್ ಅಂತ ಮಾಡಿದ್ರು, ಆಮೇಲೆ ಅವನ ಮಗ ಲಿ ಕೆಯೋಂಗ್ ಯಾರ ಮಾತೂ ಕೇಳದ ದೊಡ್ಡ ಸೇನಾನಿಯಾದ. ಮುಂದೆ ಹುವಾಂಗ್ ಚಾವೋ ಅನ್ನೋನ ದಂಗೆ ಬಂದು ರಾಜಧಾನಿ ಚಾಂಗ್‌ಆನ್ ಕೂಡ ಬಿತ್ತು. ಆ ಹುವಾಂಗ್ ಚಾವೋ ಕಡೆಯಿಂದ ಪಕ್ಷ ಬದಲಾಯಿಸಿ ಬಂದ ಝು ವೆನ್, ಇಲ್ಲೇ ಹತ್ತಿರದ ಡಾಂಗ್‌ಶಾನ್‌ನೋನು, 907ರಲ್ಲಿ ಟಾಂಗ್ ವಂಶಾನೇ ಮುಗಿಸ್ದ. ಟಾಂಗ್ ಹಾಳಾಗಿದ್ದು ಹುವಾಂಗ್ ಚಾವೋನಿಂದ, ಆದ್ರೆ ಬೇರು ಗುಯಿಲಿನ್‌ನಲ್ಲಿತ್ತು ಅಂತ ಆಮೇಲೆ ಬಂದ ಸೊಂಗ್ ವಂಶದ ಕಾಲದ ಇತಿಹಾಸಕಾರರೇ ಬರೆದಿದಾರೆ. ನಂಗೂ ಹಾಗೇ ಅನ್ಸುತ್ತೆ.

ಮಾವನ್ನ ಒಂದು ಕೇಳಿ, ಗಡೀಲಿದ್ದಾಗ ಬದಲಿ ಪಡೆ ಬರೋದು ತಡ ಆದ್ರೆ ಹುಡುಗರನ್ನ ಹೆಂಗೆ ಸಮಾಧಾನ ಮಾಡ್ತಿದ್ರು ಅಂತ. ಮುಂದಿನ ಸಲ ಫೋನ್ ಮಾಡ್ದಾಗ ಅವರ ಹತ್ರಾನೇ ಮಾತಾಡ್ತೀನಿ. ಅಮ್ಮಾ, ಚಟ್ನಿಪುಡಿ ಇನ್ನೂ ಇದೆ, ಈಗ್ಲೇ ಕಳಿಸಬೇಡ.

ನಿಮ್ಮ ಮಗ